ಸಂಘಮಿತ್ರಾಳ ವಿಂಚು ಎಳೆದು ತಂದದ್ದು

ಕರಜಗಿಯ ಸಂಘಮಿತ್ರಾ ಆ ಭಾನುವಾರ ಬೆಳಿಗ್ಗೆ ಜೀಪಿನ ಮುಂದಿದ್ದ, ಹೂತ ಗಾಡಿಗಳನ್ನು ಎಳೆಯುವ ವಿಂಚಿಗೆ ಎಣ್ಣೆ ಹಚ್ಚಲು ಕೂತಿದ್ದೇ ತಪ್ಪಾಯಿತು. ಡ್ರಮ್ಮಿಗೆ ಸುತ್ತಿದ್ದ ಉಕ್ಕಿನ ತಂತಿಯನ್ನು ಬಿಚ್ಚಿದಳು. ಅಂಗಳದ ಬೇವಿನ ಮರಕ್ಕೆ ದಪ್ಪ ಪಟ್ಟಿ ಸುತ್ತಿ ಅದಕ್ಕೆ ಕೊಕ್ಕೆ ಸಿಕ್ಕಿಸಿದಳು. ಮಣ್ಣು ಒರೆಸಿ, ಉದ್ದಕ್ಕೂ ಎಣ್ಣೆ ಬಳಿದು, ಒಲೆಯ ಮೇಲಿನ ಚಹಾ ಇಳಿಸಲು ಒಳಗೆ ಹೋದಳು. ಹೊರಗೆ ಬರುವಷ್ಟರಲ್ಲಿ ಪಕ್ಕದ ಮನೆಯ ಸುಭದ್ರಾಬಾಯಿ ಆ ತಂತಿಯ ಮೇಲೆ ಒಗೆದ ಸೀರೆಗಳನ್ನು ಸಾಲಾಗಿ ಹರವಿದ್ದಳು.

“ಇದೇನಬೇ! ನನ್ನ ಇಳಕಲ್ ಸೀರಿ ನಟ್ಟನಡಬರಕ ಡಾಂಬರ ರಸ್ತಾ ಹಾಕಿಯಲ್ಲ!”

“ಕಾಕೂ, ಅದು ಬಟ್ಟಿ ಒಣಾಕೋ ಹಗ್ಗ ಅಲ್ರಿ. ಗಾಡಿ ಜಗ್ಗೋ ತಂತಿ.”

“ಗಾಡಿ ಜಗ್ಗೋದು ಗಿಡಕ್ಕ ಯಾಕ ಕಟ್ಟಿ? ಗಿಡ ಎಲ್ಲಿಗರ ಹೊಂಟಿತ್ತೇನು?”

ಸೀರೆಯ ಕಲೆಗೆ ಪರಿಹಾರವನ್ನೂ ಸುಭದ್ರಾಬಾಯಿಯೇ ಸೂಚಿಸಿದಳು. ಇವತ್ತೇ ತನ್ನನ್ನು ಘತ್ತರಗಿ ಭಾಗ್ಯವಂತಿ ದೇವಿಯ ದರ್ಶನಕ್ಕೆ ಜೀಪಿನಲ್ಲಿ ಕರೆದೊಯ್ಯಬೇಕು. ಸಂಘಮಿತ್ರಾ ಇಲ್ಲವೆನ್ನಲು ಬಾಯಿ ತೆರೆಯುವಾಗಲೇ ಅಫಜಲಪುರಕ್ಕೆ ಹೋಗಿದ್ದ ಗಂಡ ದೇವಾನಂದನ ಫೋನು ಬಂತು.

“ಕೇಳಿಲ್ಲಿ. ಜೇವರ್ಗಿ ಏಜಾಜ ಸಾಹೇಬ್ರು ಜೀಪ ನೋಡಾಕ ಮಂದೀನ ಕಳಸಾಕತ್ತಾರ. ಚೆಂದಂಗ ತೊಳದಿಡು.”

“ಜೀಪ ಮಾರಾಕ ನೀವ ಹಾಕ್ಕೊಂಡ ವರ್ಷದ ಗಡುವಿಗೆ ಇವತ್ತ ಕಡೀ ದಿವಸ. ಸಂಜೀತನಕ ಮಾರಾಟ ಆಗಲಿಲ್ಲಂದ್ರ ಜೀಪ ನಂದು. ನೀವ ಕೊಟ್ಟ ಮಾತು.”

“ಹೌದವಾ, ಕೊಟ್ಟೇನಿ. ಆದ್ರ ಇವತ್ತ ಮಾರಾಟ ಆಗ್ತದ ನೋಡು.”

ಜೀಪು ನಡೆಸಲು ಕಲಿತ ಮೇಲೆ ಸಂಘಮಿತ್ರಾಳಿಗೆ ಒಂದು ಸಂಗತಿ ಅರಿವಾಗಿತ್ತು. ಮನೆಯ ಯಾವ ಮೂಲೆಯಲ್ಲಿ ಕೂತರೂ ಯಾರಾದರೊಬ್ಬರು ನೀರು ತಾ, ಟವೆಲ್ ತಾ ಎನ್ನುತ್ತಿದ್ದರು. ಸ್ಟಿಯರಿಂಗ್ ಹಿಡಿದು ಕೂತವಳನ್ನು ಮಾತ್ರ ಇದುವರೆಗೆ ಯಾರೂ ಏನೂ ಕೇಳಿರಲಿಲ್ಲ. ಅಷ್ಟಗಲದ ಹರಕು ಸೀಟು ಅವಳ ಪಾಲಿಗೆ ಸ್ವಂತದ ಕೋಣೆಯಾಗಿತ್ತು. ಅದನ್ನು ಯಾರೋ ಮೀಸೆಯವರು ಬಂದು, ಟೈರಿಗೆ ಒದ್ದು ನೋಡಿ, ತೆಗೆದುಕೊಂಡು ಹೋಗುವುದೇ?

ಜೀಪು ಮನೆಯಲ್ಲಿದ್ದರೆ ತಾನೇ ಅವರು ನೋಡುವುದು!

“ಕಾಕೂ, ಸೀರಿ ಉಟ್ಕೋರಿ. ಈಗಿಂದೀಗ ಹೋಗೂಣು.”

ತಂತಿ ಸುತ್ತಿಟ್ಟು ಹೊರಡುವಾಗ ಎದುರು ಮನೆಯ ಗುರುಶಾಂತನೂ ಹತ್ತಿಕೊಂಡ. ಸೈಕಲ್ ಬಿಟ್ಟರೆ ಬೇರೆ ಗಾಡಿ ಮುಟ್ಟಿದವನಲ್ಲ, ಆದರೆ ವಿಮಾನದವರೆಗೆ ಎಲ್ಲದರ ಬಗ್ಗೆಯೂ ಸಲಹೆ ಕೊಡುತ್ತಿದ್ದ. ಕೊಳ್ಳುವವರು ಡಾಂಬರು ರಸ್ತೆಯಲ್ಲಿ ಬಂದಾರೆಂದು ಲೆಕ್ಕ ಹಾಕಿದ ಸಂಘಮಿತ್ರಾ ಕಬ್ಬಿನ ಗದ್ದೆಗಳ ನಡುವಿನ ಬಂಡಿದಾರಿ ಹಿಡಿದಳು. ರಾತ್ರಿ ಮಳೆ ಬಿದ್ದಿತ್ತು. ಜೀಪಿನ ನಾಲ್ಕೂ ಗಾಲಿಗಳು ಎರೆಮಣ್ಣನ್ನು ಹೂರಣದಂತೆ ಅರೆಯುತ್ತ ಮುಂದೆ ಸಾಗಿದವು.

ಅರ್ಧ ದಾರಿಯಲ್ಲಿ ಬಿಳಿಯ ಸಣ್ಣ ಕಾರೊಂದು ರಾಡಿಯಲ್ಲಿ ಹೊಟ್ಟೆಯವರೆಗೆ ಹೂತು, ಕೆಸರುಹೊಂಡದಲ್ಲಿ ಮಲಗಿದ ಎಮ್ಮೆಯಂತೆ ಕೂತಿತ್ತು. ಸುತ್ತ ಹೊಲದ ಮಂದಿ ಹತ್ತಾರು ಜನ ನೆರೆದಿದ್ದರು. ನಡುವೆ ಮೊಣಕಾಲವರೆಗೆ ಕೆಸರಾಗಿದ್ದ ಯುವತಿ ನಿಂತಿದ್ದಳು.

“ಅಕ್ಕಾರ, ನಾನು ದನದ ಡಾಕ್ಟರ್ರಿ, ಅಫ್ರೀನ ಅಂತ. ಫೋನಿನ ನಕಾಶಿ ಇದ ಸನೇದ ದಾರಿ ಅಂತು, ನಂಬಿ ಬಂದೆ.”

ಒಬ್ಬಳೇ ಗಾಡಿ ನಡೆಸಿಕೊಂಡು ಬಂದ ಹೆಣ್ಣು! ಸಂಘಮಿತ್ರಾಳಿಗೆ ತವರಿನವಳೊಬ್ಬಳು ಸಿಕ್ಕಂತಾಯಿತು. ಕಲ್ಲುನೆಲ ಹುಡುಕಿ ಜೀಪು ನಿಲ್ಲಿಸಿ, ಗಾಲಿಗಳಿಗೆ ಕಲ್ಲು ಕೊಟ್ಟು, ಕೈಗವಸು ತೊಟ್ಟು ತಂತಿ ಎಳೆದೊಯ್ದು ಕಾರಿಗೆ ಕೊಕ್ಕೆ ಸಿಕ್ಕಿಸಿದಳು. ಅಷ್ಟರಲ್ಲಿ ಹೊಲದ ಮಂದಿಯೆಲ್ಲ ತಂತಿಗೆ ಕೈ ಹಾಕಿ ನಿಂತಿದ್ದರು. ಗುರುಶಾಂತ ಮುಂದೆ ನಿಂತು ಐಸಾ ಎಂದು ಕೂಗಲು ಸಿದ್ಧನಾಗಿದ್ದ.

“ಬಿಡ್ರಿ! ತಂತಿ ಹರಿದ್ರ ಚಾಟಿ ಬೀಸಿದಂಗ ಬರ್ತದ. ಗುರುಶಾಂತಣ್ಣ, ನಿಮ್ಮ ಕಾಲ ಬೇಕಂದ್ರ ದೂರ ಸರೀರಿ!”

ಗುರುಶಾಂತ ಕಾಲುಗಳ ಮೇಲಿನ ಪ್ರೀತಿಯಿಂದ ಕಬ್ಬಿನೊಳಗೆ ಮಾಯವಾದ.

ಸುಭದ್ರಾಬಾಯಿ ಕೂಡಲು ಹಾಸಿಕೊಂಡಿದ್ದ ಕೌದಿಯನ್ನು ಸಂಘಮಿತ್ರಾ ಎಳೆದು ತಂತಿಯ ನಡುವೆ ಹೊದಿಸಿದಳು.

“ಅಯ್ಯ, ತಂತಿಗೂ ಥಂಡಿ ಆಗ್ತದೇನಬೇ?”

“ಹರಿದ್ರ ಹಾರಬಾರ್ದಂತ ಭಾರ ಹಾಕೀನ್ರಿ ಕಾಕೂ.”

ಅಫ್ರೀನ ಪಕ್ಕದಲ್ಲೇ ನಿಂತು ಒಂದೊಂದನ್ನೂ ಕೇಳಿದಳು. ಸಂಘಮಿತ್ರಾ ಅಡುಗೆ ಕಲಿಸುವಷ್ಟು ಸಲೀಸಾಗಿ ಹೇಳಿಕೊಟ್ಟಳು. ಡ್ರಮ್ಮಿನ ಮೇಲೆ ಐದಾರು ಸುತ್ತು ಉಳಿಯಲೇಬೇಕು. ಬ್ಯಾಟರಿ ಇಳಿಯದಂತೆ ಎಂಜಿನ್ ಓಡುತ್ತಿರಬೇಕು. ಗಡಿಬಿಡಿಯಿಲ್ಲದೆ, ನಿಂತು ನಿಂತು ಎಳೆಯಬೇಕು. ಇಷ್ಟು ಹೇಳಿ ಸಂಘಮಿತ್ರಾ ವಿಂಚಿನ ಗುಂಡಿ ಒತ್ತಿದಳು. ವಿಂಚು ಗುರುಗುಟ್ಟಿತು, ತಂತಿ ಬಿಗಿಯಿತು, ಕಾರು ಹೂಳಿನಿಂದ ಬೇರು ಕಿತ್ತಂತೆ ಎದ್ದು ಗಟ್ಟಿ ನೆಲಕ್ಕೆ ಬಂತು. ಮಂದಿ ಚಪ್ಪಾಳೆ ತಟ್ಟಿದರು.

“ಹಳೇ ವಿಂಚಂದ್ರ ಬರೇ ಶೋಕಿಗೆ ಇರ್ತಾವಂತಾರಲ್ರಿ ಅಕ್ಕಾರ?”

“ನೋಡ್ಕೊಳ್ಳಲಾರದವರ ಮಾತದು. ಒರಸಿ ಎಣ್ಣಿ ಹಚ್ಚಿ, ಒತ್ತೊತ್ತಾಗಿ ಸುತ್ತಿಟ್ರ ಇನ್ನೂ ಹತ್ತು ವರ್ಷ ಜಗ್ಗತದ. ಈ ಜೀಪಿನಂಥಾದ್ದು ಮೂರು ತಾಲ್ಲೂಕಿನಾಗ ಇನ್ನೊಂದಿಲ್ಲ!”

ಅಫ್ರೀನ ಬಗ್ಗಿ ಜೀಪಿನ ಅಡಿ ನೋಡಿದಳು, ಹಿಂದೆ ಹೋಗಿ ನಂಬರು ನೋಡಿದಳು, ನಕ್ಕು, ಫೋನು ಹಿಡಿದು ಆಚೆ ಸರಿದಳು. ಸಂಘಮಿತ್ರಾ ಎದೆಯುಬ್ಬಿಸಿ ತಂತಿ ಸುತ್ತತೊಡಗಿದಳು. ಕೊಳ್ಳುವವರು ಈಗ ಕರಜಗಿಯ ಬೀಗ ಹಾಕಿದ ಬಾಗಿಲು ತಟ್ಟುತ್ತಿರಬೇಕು. ಕೊನೆಯ ಸುತ್ತು ಮುಗಿಯುವಾಗ ದೇವಾನಂದನ ಫೋನು ಬಂತು.

“ಶಾಬಾಸ್! ಜೀಪ ಮಾರಾಟ ಆತು!”

“ಸುಳ್ಳು! ಯಾರೂ ಕಣ್ಣೀಲೆ ಸೈತ ನೋಡಿಲ್ಲ!”

“ನೋಡ್ಯಾರ. ಏಜಾಜ ಸಾಹೇಬ್ರ ತಂಗಿ ದನದ ಡಾಕ್ಟರಂತ, ಆಕಿಗೆ ಹಳ್ಳಿ ತಿರಗಾಕ ಗಾಡಿ ಬೇಕಾಗಿತ್ತಂತ. ನೀನು ಅರ್ಧ ದಾರೀಗೆ ಎದುರುಗೊಂಡು ಹೋಗಿ, ವಿಂಚ್ ನಡಸಿ ತೋರ್ಸಿ, ಕಲಿಸಿನೂ ಕೊಟ್ಟೆಂತ! ಒಂದ ವರ್ಷ ನಾ ಬಡ್ಕೊಂಡ್ರೂ ಯಾರೂ ಒಪ್ಪಿರಲಿಲ್ಲ. ನೀ ಒಂದ ತಾಸಿನಾಗ ಮುಗಿಸಿದಿ!”

ಸಂಘಮಿತ್ರಾ ನಿಧಾನವಾಗಿ ತಿರುಗಿದಳು. ಅಫ್ರೀನ ಜೀಪಿನ ಸ್ಟಿಯರಿಂಗ್ ಹಿಡಿದು ಕೂತಿದ್ದಳು. ಮುಖದಲ್ಲಿ ಎಂಥ ಬೆಳಕೆಂದರೆ, ಬೈಯಲು ಹೊರಟ ಸಂಘಮಿತ್ರಾ ಕೈಗವಸು ಕಳಚಿ ಬಾನೆಟ್ಟಿನ ಮೇಲಿಟ್ಟಳು. ಆ ಬೆಳಕು ಅವಳಿಗೆ ಗುರುತಿನದೇ ಆಗಿತ್ತು.

ಹಿಂದಿನ ಸೀಟಿನಿಂದ ಸುಭದ್ರಾಬಾಯಿ ಕರೆದಳು: “ಏನ ನೋಡಾಕತ್ತೀಬೇ? ಬಾ, ಹಿಂದ ಹತ್ಕೊ. ಘತ್ತರಗಿಗೆ ಬಿಡು ಅಂತ ಡಾಕ್ಟರಬಾಯಿಗೆ ನಾ ಹೇಳೀನಿ. ಪಾಪ, ನಿನ್ನಂಗ ಇಲ್ಲ, ಕೇಳಿದ ಕೂಡ್ಲೆ ಹೂಂ ಅಂದ್ಲು.”