ವಿಮಾನದಾಗ ಹೊಂಟ ತವರಿನ ಉಡಿ

ನಾ ಒಬ್ಬಾಕಿನ ಊರು ಬಿಟ್ಟು ಹೊಂಟ್ನಿ ಅಂದ್ರ ಏನರೆ ಒಂದು ಆಗದ ಇರೂದಿಲ್ಲ. ಶಿರಹಟ್ಟಿ ಬಸ್ಸು ಹತ್ತಿದ್ರ ಬಸ್ಸು ಕೆಡತೈತಿ. ಲಕ್ಷ್ಮೇಶ್ವರಕ್ಕ ಹೋದ್ರ, ನಾ ಭೆಟ್ಟಿ ಆಗಬೇಕಾದವ್ರು ನನ್ನ ಹುಡಿಕ್ಕೊಂಡು ಗದಗಿಗೆ ಬಂದಿರ್ತಾರ. ಇಷ್ಟು ದಿನಾ ಇದೆಲ್ಲಾ ನೆಲದ ಮ್ಯಾಲೆ ಆಗ್ತಿತ್ತು, ಈ ಸರ್ತೆ ಮುಗಲಿನ್ಯಾಗೂ ಆತು.

ನಂದು ಬೆಟಗೇರಿಯೊಳಗ ಒಂದು ಸಣ್ಣ ಖಾನಾವಳಿ. ನಾ ಒಲಿ ಮುಂದ, ನಮ್ಮ ಮನಿಯವ್ರು ಗಲ್ಲಾದ ಮುಂದ. ಇರಾಕಿ ಒಬ್ಬಾಕಿನ ಮಗಳು, ಆಕಿನ್ನ ಲಕ್ಷ್ಮೇಶ್ವರದ ಮನಿತನಕ್ಕ ಕೊಟ್ಟೇವಿ. ಅಳಿಯಾಗ ಬ್ಯಾಂಕಿನ್ಯಾಗ ನೌಕರಿ, ಬದಲಿ ಆಗಿ ಲಖನೌದಾಗ ಅದಾನ. ಮಗಳು ಬಸರಾದ್ಲು. ಡಾಕ್ಟರು ಪ್ರವಾಸ ಬ್ಯಾಡ ಅಂದಿದ್ದಕ್ಕ ಕುಬಸಾ ಅಲ್ಲೇ ಮಾಡೂದು ಅಂತ ಠರಾವಾತು. ಕುಬಸಾ ಅಂದ್ರ ಚೊಚ್ಚಲ ಬಸರಿಗೆ ತವರಮನಿಯವ್ರು ಹಸರು ಸೀರಿ ಉಡಿಸಿ ಉಡಿ ತುಂಬಬೇಕು, ಅದು ನಮ್ಮ ಕಡೆ ಪದ್ಧತಿ.

ಬೀಗ್ತೇರು, ಅಂದ್ರ ಆಕಿ ಅತ್ತಿ, ಮೊದಲ ರೈಲಿನ್ಯಾಗ ಹೋಗಿ ಅಲ್ಲಿ ಠಿಕಾಣಿ ಹೂಡಿದ್ರು. "ನಿಮ್ಮವ್ವ ಖಾನಾವಳಿ ಬಿಟ್ಟು ಎಲ್ಲಿ ಬರ್ತಾಳ, ಉಡಿ ನಾನ ತುಂಬತೀನಿ ತಗೋ" ಅಂದಿದ್ರಂತ. ಮಗಳು ಫೋನ್ ಹಚ್ಚಿ ಅತ್ಲು. "ಅವ್ವಾ, ನೀ ಬರಲಿಲ್ಲಂದ್ರ ನಾ ಕುಬಸಕ್ಕ ಕುಂಡ್ರೂದ ಇಲ್ಲ." ಅದನ್ನ ಕೇಳಿ ನನ್ನ ಜೀವಕ್ಕ ನಿಂತಲ್ಲೆ ನಿಲ್ಲಾಕ ಆಗಲಿಲ್ಲ. ಅಳಿಯ ವಿಮಾನದ ಟಿಕೀಟು ತಗಸಿದಾ. ನಮ್ಮ ಮನಿಯವ್ರು, "ಇಬ್ರೂ ಹೋದ್ರ ಗಿರಾಕಿಗೋಳಿಗೆ ನೀಡವ್ರು ಯಾರು" ಅಂದ್ರು. ಅಟ್ಟದ ನಿಚ್ಚಣಕಿ ಹತ್ತಿದ್ರ ಅವ್ರಿಗೆ ತಲಿ ತಿರಗತೈತಿ ಅನ್ನೂದು ಬ್ಯಾರೆ ಮಾತು.

ಮುಂಜಾನೆ ಹುಬ್ಬಳ್ಳಿಯೊಳಗ ಹತ್ತೂದು, ಬೆಂಗಳೂರಾಗ ವಿಮಾನ ಬದಲಿ ಮಾಡೂದು, ಮಧ್ಯಾಹ್ನ ಊಟದ ಹೊತ್ತಿಗೆ ಲಖನೌ. ಕುಬಸಾ ಸಂಜೀಕ ದೀಪಾ ಹಚ್ಚೂ ಹೊತ್ತಿಗೆ. ಅಷ್ಟರಾಗ ನಾ ಹೋಗಿ ಮುಟ್ಟಬೇಕು. ಹೇಳಾಕ ಇಷ್ಟ ಕೆಲಸ.

ಎಲ್ಲಿಗೆ ಅನಬ್ಯಾಡ್ರಿ

ನಮ್ಮ ಕಡೆ ಹೊಸ್ತಲಾ ದಾಟಿದವ್ರಿಗೆ "ಎಲ್ಲಿಗೆ" ಅಂತ ಯಾರೂ ಕೇಳೂದಿಲ್ಲ. "ದೂರ ಹೊಂಟ್ರೇನು" ಅಂತಾರ. ಯಾರರ ತಪ್ಪಿ ಎಲ್ಲಿಗೆ ಅಂದಬಿಟ್ರ, ಹೊಂಟಾಕಿ ಹೊಳ್ಳಿ ಬಂದು, ಕುಂತು, ಒಂದು ಗುಟುಕು ನೀರು ಕುಡದು ಮತ್ತ ಹೊಂಡಬೇಕು. ಇಲ್ಲಂದ್ರ ಹೋದ ಕೆಲಸ ಕೆಡತೈತಿ. ನಾ ಇದನ್ನ ಭಾಳ ನಂಬಾಕಿ ಅಲ್ಲ. ಆದ್ರ ಮಗಳ ಕುಬಸಾ ನೋಡ್ರಿ, ನಂಬಿದ್ರ ನಂದೇನು ಗಂಟು ಹೋಗತೈತಿ.

ವಿಮಾನ ನಿಲ್ದಾಣದ ಬಾಗಲದಾಗ ಬಂದೂಕು ಹಿಡದ ಸಿಪಾಯಿ ನಿಂತಿದ್ದ. ನನ್ನ ಟಿಕೀಟು ಕೈಯಾಗ ಹಿಡಕೊಂಡು, ಅದರಾಗ ದಪ್ಪ ಅಕ್ಷರದಾಗ ಬರದಿದ್ರೂ, "ಕಹಾಂ ಜಾನಾ ಹೈ" ಅಂತ ಕೇಳಿದಾ. ಎಲ್ಲಿಗೆ ಅಂದಂಗ ಆತಲ್ಲ. ಸುಮ್ನ ಹೊಳ್ಳಿ ಹೋಗಿ, ಬೆಂಚಿನ ಮ್ಯಾಲೆ ಕುಂತು, ನೀರು ಕುಡದು ಬಂದ್ನಿ. ಆತ ಮತ್ತ "ಕಹಾಂ ಜಾನಾ ಹೈ" ಅಂದಾ. ಮತ್ತ ಹೋದ್ನಿ, ಕುಂತ್ನಿ, ಕುಡದ್ನಿ. ತಿರುಗಿ ಬರೂದ್ರಾಗ ಆತನ ಮಾರಿ ಬಿಗದಿತ್ತು, ಬಾಟ್ಲಿಯಾಗ ನೀರೂ ಮುಗದಿತ್ತು.

ಪಾಳೆದಾಗ ಮುಂಡರಗಿ ಕಡೆಯವ್ರು ಒಬ್ರು ಕಾಳಿನ ವ್ಯಾಪಾರಿ ನಿಂತಿದ್ರು. "ಯಾಕ್ರೀ ಅಕ್ಕಾರ, ಏನು ಮರತ್ರಿ?" ಅಂದ್ರು. ಸಂಗತಿ ಹೇಳಿದ್ನಿ. ಅವ್ರೂ ನಮ್ಮ ಕಡೆಯವ್ರ, ಬಿಡಿಸಿ ಹೇಳೂದು ಬೇಕಾಗಲಿಲ್ಲ. ಸಿಪಾಯಿ ಹತ್ರ ಹೋಗಿ ಹಿಂದಿಯೊಳಗ, "ಸಾಹೇಬ್ರ, ಈ ಅಕ್ಕಾರಿಗೆ ಎಲ್ಲಿಗೆ ಅಂತ ಕೇಳಬ್ಯಾಡ್ರಿ, ಎಷ್ಟು ದೂರ ಅಂತ ಕೇಳ್ರಿ, ಇಲ್ಲಂದ್ರ ನಮ್ಮ ವಿಮಾನಾನೂ ತಪ್ಪತೈತಿ" ಅಂದ್ರು. ಸಿಪಾಯಿ ನಮ್ಮಿಬ್ಬರನ್ನೂ ಮ್ಯಾಲಿಂದ ಕೆಳಗ ನೋಡಿ, ಒಂದು ಉಸರು ಬಿಟ್ಟು, "ಕಿತನೀ ದೂರ್" ಅಂದಾ.

"ಭಾಳ ದೂರ ಇಲ್ಲೋ ತಮ್ಮಾ, ಇಲ್ಲೇ ಲಖನೌ" ಅಂದು ಒಳಗ ಹೋದ್ನಿ.

ರಂಜಕದ ಡಬ್ಬಿ

ಹಸರು ಸೀರಿ, ಜಂಪರಿನ ಖಣ, ಬಳಿ, ತೆಂಗಿನಕಾಯಿ, ಅಕ್ಕಿ, ಹೋಳಿಗಿ ಎಲ್ಲಾ ದೊಡ್ಡ ಬ್ಯಾಗಿನ್ಯಾಗ ತುಂಬಿ ವಿಮಾನದವ್ರ ಕೈಯಾಗ ಕೊಟ್ಟಿದ್ನಿ. ನನ್ನ ಹೆಗಲಿಗೆ ಒಂದು ಅರಬಿ ಚೀಲ ಇತ್ತು. ಅದರಾಗ ದಾರಿಗಂತ ರೊಟ್ಟಿ, ಶೇಂಗಾ ಚಟ್ನಿ, ಮತ್ತ ಒಂದು ಡಬ್ಬಿ ರಂಜಕ. ಹಣ್ಣ ಮೆಣಸಿನಕಾಯಿಗೆ ಬೆಳ್ಳೊಳ್ಳಿ ಹಾಕಿ ನಾನ ರುಬ್ಬಿದ್ದು.

ತಪಾಸಣಿ ಅಂದ್ರ ಬ್ಯಾರೆನ ಒಂದು ಮರ್ಯಾದಿ. ಚಪ್ಲಿ ಕಳೀರಿ, ಕೈ ಮ್ಯಾಲೆತ್ತರಿ, ಹಿಂದ ತಿರಗ್ರಿ. ಬೀಗರ ಮನ್ಯಾಗೂ ನನ್ನ ಇಷ್ಟು ಉಪಚಾರ ಮಾಡಿಲ್ಲ. ಮಶೀನು ನನ್ನ ಚೀಲದ ಹತ್ರ ಬಂದು ನಿಂತಬಿಡ್ತು. ಪೊಲೀಸಿನಾಕಿ ಡಬ್ಬಿ ಎತ್ತಿ ಹಿಡದ್ಲು, ನಮ್ಮ ಭಾಷಿನ ಮಾತಾಡಿದ್ಲು.

"ಇದೇನ್ರೀ ಅಕ್ಕಾರ?"

"ರಂಜಕವಾ, ರೊಟ್ಟಿಗೆ ಹಚ್ಕೊಳ್ಳಾಕ."

"ನೀರ್ನೀರು ಇದ್ದದ್ದು ಇಷ್ಟು ಒಯ್ಯಾಕ ಬರೂದಿಲ್ರಿ. ಅಪಾಯ ಅಂತ ರೂಲ್ ಐತಿ."

ನನಗ ಸಿಟ್ಟು ಬಂತು. "ಖಾನಾವಳಿಯೊಳಗ ದಿನಾ ನೀಡತೀನಿ, ಒಬ್ಬರರ ಎದ್ದು ಓಡಿ ಹೋಗಿಲ್ಲ. ಇದರಾಗ ಏನು ಅಪಾಯ ಐತಿ, ನೀನ ನೋಡವಾ" ಅಂದು ಮುಚ್ಚಳಾ ತಗದು ಆಕಿ ಮುಂದ ಹಿಡದ್ನಿ. ಪಾಪ, ಪ್ರಾಮಾಣಿಕ ಹುಡುಗಿ, ಸರಿಯಾಗಿ ಬಗ್ಗಿ ಎದಿ ತುಂಬ ವಾಸನಿ ತಗೊಂಡ್ಲು. ಆಮ್ಯಾಲೆ ಸೀನಾಕ ಶುರು ಮಾಡಿದಾಕಿ ನಿಂದ್ರಲೇ ಇಲ್ಲ. ಆ ಕಡಿಂದ ಒಬ್ರು, ಈ ಕಡಿಂದ ಒಬ್ರು ಓಡಿ ಬಂದ್ರು, ಅವ್ರೂ ಸೀನಿದ್ರು. ನನ್ನ ಹಿಂದಿನ ಪಾಳೆ ತಾನ ದೂರ ಸರೀತು.

ಕಡೀಕ ಆಕಿ ಕಣ್ಣೀರು ಒರಸ್ಕೋತ, "ಅಕ್ಕಾರ, ರೂಲ್ ಬರೋಬರಿ ಐತ್ರಿ" ಅಂದ್ಲು. ನಾನೂ ಹೌದಂದು ಡಬ್ಬಿ ಅಲ್ಲೇ ಬಿಟ್ಟು ಹೊಂಟ್ನಿ.

ಕಿಡಕಿ ಸೀಟು

ಅಳಿಯ ನನಗಂತನ ಕಿಡಕಿ ಸೀಟು ಹೇಳಿದ್ದ. ಹೋಗಿ ನೋಡ್ತೀನಿ, ಕೋಟು ಹಾಕ್ಕೊಂಡ ಒಬ್ಬ ಮನಷ್ಯಾ ಅಲ್ಲಿ ಆರಾಮ ಕುಂತಾನ. "ಆಂಟಿ, ನೀವು ಈ ಕಡೆ ಕುಂತ್ರ ನಿಮಗ ಚಲೋ" ಅಂದಾ. ನನಗ ಚಲೋ ಯಾವುದು ಅನ್ನೂದು ಊರ ಮಂದಿಗೆಲ್ಲಾ ನನಗಿಂತ ಮೊದಲ ಗೊತ್ತಿರತೈತಿ. "ಎದ್ದೇಳಪಾ, ನನಗ ಮೋಡ ನೋಡಬೇಕು" ಅಂದು ಎಬ್ಬಿಸಿ ಕುಂತ್ನಿ. ಕುಂತ ಮ್ಯಾಲೆ ನನ್ನ ಮೊಣಕಾಲು ಎಲ್ಲಿಡಬೇಕು ಅನ್ನೂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಏನ ಹೇಳ್ರಿ, ಮ್ಯಾಲೆ ಹೋದ ಮ್ಯಾಲೆ ಮನಸ್ಸು ತಂಪಾತು. ಕೆಳಗ ಕರೀ ಹೊಲಾ, ಬಿಳೀ ದಾರಿ, ಗುಡ್ಡ ಎಲ್ಲಾ ಸಣ್ಣೂವಾಗಿ ಕಾಣ್ತಿದ್ವು. ಅಲ್ಲಿ ಯಾರೂ ನನ್ನ "ಅಕ್ಕಾರ, ಇನ್ನೊಂದು ರೊಟ್ಟಿ" ಅಂತ ಕರೀಲಿಲ್ಲ. ಎಷ್ಟೋ ವರ್ಷಕ್ಕ ಹಂಗ ಸುಮ್ನ ಕುಂತಿದ್ನಿ.

ಅಷ್ಟರಾಗ ಗಗನಸಖಿ ಗಾಡಿ ದಬ್ಬಕೋತ ಬಂದ್ಲು. ಹುಡುಗಿ ಚೆಂದ ಇದ್ಲು, ಡಬ್ಬಿಯೊಳಗಿನ ಬ್ರೆಡ್ಡು ಮಾತ್ರ ಹೆಣದಂಗ ತಣ್ಣಗಿತ್ತು. ನಮ್ಮಲ್ಲೆ ಹಿಂಥಾದ್ದು ನೀಡಿದ್ರ ಗಿರಾಕಿ ತಾಟು ಸಮೇತ ಒಗೀತಾನ. ಇಲ್ಲಿ ಎಲ್ಲಾರೂ ಥ್ಯಾಂಕ್ಯೂ ಅಂದು ತಿನ್ನಾಕತ್ತಿದ್ರು. ಆ ಹುಡುಗಿ ನಕ್ಕೋತನ ಇದ್ಲು, ಆದ್ರ ಮಾರಿ ಬಾಡಿತ್ತು. ನನಗ ರೂಢಿ ನೋಡ್ರಿ, ಬಾಯಿಗೆ ತಾನ ಬಂತು. "ಉಂಡ್ಯೇನವಾ?"

ಆಕಿಗೆ ತಿಳೀಲಿಲ್ಲ. ಕೋಟಿನ ಮನಷ್ಯಾ ಇಂಗ್ಲೀಷಿನ್ಯಾಗ ಹೇಳಿದ. ಹುಡುಗಿ ಗಾಡಿ ಬಿಟ್ಟು ನಿಂತಬಿಟ್ಲು. ಮುಂಜಾನಿಂದ ಏನೂ ತಿಂದಿಲ್ಲಂತ, ವಿಮಾನ ಇಳದು ವಿಮಾನ ಹತ್ತಾಕತ್ತಾಳಂತ. ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ, ಸುರಳಿ ಸುತ್ತಿ ಕೈಯಾಗ ಕೊಟ್ನಿ. ಪರದೆ ಹಿಂದ ಹೋಗಿ ತಿಂದು ಬಂದ್ಲು. ಬರುವಾಗ ನನಗೊಂದು ದಿಂಬು, ಒಂದು ಕಪ್ಪು ಬಿಸಿನೀರು ತಂದ್ಲು.

"ಆಂಟಿ, ವಾರಾ ವಾರಾ ವಿಮಾನದಾಗ ಓಡಾಡತೀನಿ, ನನಗ ಒಂದಿನಾನೂ ದಿಂಬು ಕೊಟ್ಟಿಲ್ಲ" ಅಂತ ಆ ಮನಷ್ಯಾ ಹಳಹಳಿಸಿದ.

"ನೀ ಯಾರಿಗರೆ ಉಂಡ್ರೇನು ಅಂತ ಕೇಳೀಯೇನಪಾ?" ಅಂದ್ನಿ.

ಆತ ನನ್ನ ಚೀಲದ ಕಡೆ ನೋಡ್ಕೋತ, "ಆಂಟಿ, ನೀವು ಉಂಡ್ರೇನು?" ಅಂದಾ. ರೊಟ್ಟಿ ಕೊಡದ ಮತ್ತೇನು ಮಾಡ್ಲಿ.

ಹೊಳ್ಳಿ ಬಂದ ವಿಮಾನ

ಬೆಂಗಳೂರಾಗ ಎರಡನೇ ವಿಮಾನ ತಡಾ ಅಂತ ಹಲಿಗಿ ಮ್ಯಾಲೆ ಬಂತು. ಆಮ್ಯಾಲೆ ಇನ್ನಷ್ಟು ತಡಾ. ಕೌಂಟರಿನ ಹುಡುಗಿನ್ನ ಕೇಳಿದ್ರ ಹಲ್ಲು ಕಾಣೂವಂಗ ನಕ್ಕು, "ಶೀಘ್ರದಲ್ಲೇ ಮೇಡಮ್" ಅಂತಿದ್ಲು. ನಮ್ಮ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಎಷ್ಟೋ ಚಲೋ. "ನನಗೇನು ಗೊತ್ರೀ, ಬಂದಾಗ ಬರತೈತಿ" ಅಂತ ಖರೆ ಹೇಳಿ ಬೈತಾನ.

ಮಗಳು ಮ್ಯಾಲಿಂದ ಮ್ಯಾಲೆ ಫೋನ್ ಮಾಡಾಕತ್ತಿದ್ಲು. ಆಕಿ ಹಿಂದ ಬೀಗ್ತೇರ ದನಿ ಕೇಳ್ತಿತ್ತು. "ಹೊತ್ತು ಮೀರಿದ್ರ ನಡಿಯೂದಿಲ್ಲವಾ, ನಾ ತೆಂಗಿನಕಾಯಿ ತಗದಿಟ್ಟೀನಿ." ಎಲ್ಲಾ ಬಿಟ್ಟು ಓಡಿ ಹೋಗೂಣು ಅಂದ್ರ, ಲಖನೌಕ್ಕ ಓಡಿ ಹೋಗಾಕ ಬರತೈತೇನು.

ಕಡೀಕ ಹತ್ತಿಸಿದ್ರು, ಪಟ್ಟಾ ಕಟ್ಟಿಸಿದ್ರು. ಮೈಕಿನ್ಯಾಗ ಒಬ್ಬ, ಈ ವಿಮಾನ ಲಖನೌಕ್ಕ ಹೊಂಟೈತಿ, ಲಖನೌಕ್ಕ ಹೋಗೂ ಎಲ್ಲಾರಿಗೂ ಸ್ವಾಗತ ಅಂತ ಮೂರೂ ಭಾಷಾದಾಗ ಒದರಿದಾ. ವಿಮಾನ ಮುಂದ ಹೋತು, ನಿಂತಿತು, ಹಂಗ ಹೊಳ್ಳಿ ಮೊದಲಿನ ಜಾಗಾಕ್ಕ ಬಂತು. ಏನೋ ತಾಂತ್ರಿಕ ತೊಂದರಿ ಅಂದ್ರು. ಮಂದಿ ಎದ್ದು ಕೂಗಾಡಾಕತ್ರು. ಅವ್ರನ್ನ ಕುಂಡ್ರಿಸಿ ಎಲ್ಲಾರಿಗೂ ಸಣ್ಣ ಸಣ್ಣ ಬಾಟ್ಲಿಯೊಳಗ ನೀರು ಕೊಟ್ರು. ಕುಡದ ಮ್ಯಾಲೆ ವಿಮಾನ ಮತ್ತ ಹೊಂಟಿತು, ಈ ಸರ್ತೆ ಹಾರಿತು.

ಬಾಜೂಕಿನ ಲಖನೌದ ಅಜ್ಜಾರು ಭಾಳ ಬೈಕೋತ ಇದ್ರು. ನಾ ಅವ್ರಿಗೆ ಬಂದಷ್ಟು ಹಿಂದಿಯೊಳಗ, "ಸಿಟ್ಟಾಗಬ್ಯಾಡ್ರಿ, ಇವ್ರು ನಮ್ಮ ಗದಗ ಕಡೆಯವ್ರ ಇರಬೇಕು" ಅಂತ ಸಮಾಧಾನ ಹೇಳಿದ್ನಿ.

ಐದು ಜಿನಸು

ತಡಾ ಮಾಡಿದ್ದಕ್ಕ ಮಾಫಿ ಅಂತ ಆ ವಿಮಾನದಾಗ ಎಲ್ಲಾರಿಗೂ ಒಂದೊಂದು ತಿಂಡಿ ಡಬ್ಬಿ ಹಂಚಿದ್ರು. ನನಗ ತಿನ್ನೂ ಮನಸ್ಸಿರಲಿಲ್ಲ, ಚೀಲದಾಗ ಇಟ್ಕೊಂಡ್ನಿ. ಇಳಿಯೂದ್ರಾಗ ಹೊತ್ತು ಮುಣಗಾಕ ಬಂದಿತ್ತು.

ಬ್ಯಾಗು ಬರೂ ಪಟ್ಟೆ ಮುಂದ ನಿಂತ್ನಿ. ಎಲ್ಲಾರ ಬ್ಯಾಗೂ ಬಂದ್ವು, ನಂದು ಬರಲಿಲ್ಲ. ಪಟ್ಟೆ ನಿಂತಿತು. ಕೇಳಿದ್ರ, "ನಿಮ್ಮ ಬ್ಯಾಗು ಬೆಂಗಳೂರಾಗ ಸುರಕ್ಷಿತ ಐತಿ, ನಾಳೆ ಮನಿಗೇ ಮುಟ್ಟಸ್ತೇವಿ" ಅಂದ್ರು. ಸುರಕ್ಷಿತ ಅಂತ. ಸೀರಿ ಅಲ್ಲೇ, ಕಾಯಿ ಅಲ್ಲೇ, ಅಕ್ಕಿ ಅಲ್ಲೇ. ಬರಿಗೈಲೆ ಮಗಳ ಕುಬಸಕ್ಕ ಹೋಗೂ ತಾಯಿ ನಾನ ಅಂತ ಅಲ್ಲೇ ನಿಂತು ಅತ್ನಿ. ಕರ್ಕೊಂಡು ಹೋಗಾಕ ಬಂದಿದ್ದ ಅಳಿಯ, "ಅತ್ತೀ, ಮೊದಲ ಗಾಡಿ ಹತ್ತರಿ, ಅಲ್ಲಿ ಆಕಿನ್ನ ಹಿಡಿಯಾಕ ಆಗವಲ್ದು" ಅಂದಾ.

ಮನಿಯೊಳಗ ದೀಪಾ ಹಚ್ಚಿತ್ತು. ಆಜೂಬಾಜೂದ ಲಖನೌದ ಹೆಣ್ಮಕ್ಕಳು ಸುತ್ತ ಕುಂತಿದ್ರು. ನಡುವ ಕುಂಡ್ರೂ ಮಣಿ ಹಾಕಿತ್ತು, ಅದರ ಮಗ್ಗಲದಾಗ ನನ್ನ ಮಗಳು ನಡಾ ಹಿಡಕೊಂಡು ನಿಂತಿದ್ಲು. ಅವ್ವ ಬರೂತನಕ ಕುಂಡ್ರೂದಿಲ್ಲ ಅಂದಾಕಿ ಖರೇನ ಕುಂತಿರಲಿಲ್ಲ. ಬೀಗ್ತೇರು ಕಾಯಿ ಹಿಡಕೊಂಡು, "ಕುಂಡ್ರ ನಮ್ಮವ್ವಾ, ಕಾಲು ಬಾಯತಾವು" ಅಂತ ಬೇಡ್ಕೊಂಡು ಬೇಡ್ಕೊಂಡು ದಣದಿದ್ರು. ನನ್ನ ಮಾರಿ ಕಂಡಿದ್ದ ತಡಾ, ಮಗಳು ಮಣಿ ಮ್ಯಾಲೆ ಕುಂತಬಿಟ್ಲು.

ಬೀಗ್ತೇರು ನನ್ನ ಕೈ ನೋಡಿದ್ರು. "ಬೀಗ್ತೇರ, ತವರಿನ ಉಡಿ ಎಲ್ಲೈತ್ರಿ?"

"ಬೆಂಗಳೂರಾಗ ಐತ್ರಿ."

"ಹಂಗಾದ್ರ ನಂದ ತುಂಬಿಬಿಡ್ತೀನಿ" ಅಂತ ಅವ್ರು ಮುಂದ ಬಂದ್ರು. ಮಗಳು ಮತ್ತ ಏಳಾಕ ಹೊಂಟ್ಲು.

"ಕುಂಡ್ರವಾ, ಸೆರಗು ಒಡ್ಡು" ಅಂದ್ನಿ. ಎಲ್ಲಿಂದ ಧೈರ್ಯ ಬಂತೋ, ಚೀಲದಾಗಿನ ತಿಂಡಿ ಡಬ್ಬಿ ತಗದ್ನಿ.

"ಉಡಿಗೆ ಐದು ಜಿನಸು ಬೇಕ್ರಿ" ಅಂತ ಬೀಗ್ತೇರು ನಡುವ ಅಡ್ಡ ಬಂದ್ರು.

"ಎಣಸ್ರಿ" ಅಂದ್ನಿ. "ಅಕ್ಕಿ ಬದ್ಲಿ ಈ ಕಪ್ಪಿನ್ಯಾಗಿನ ಒಣ ಉಪ್ಪಿಟ್ಟು. ಕಾಯಿ ಬದ್ಲಿ ಹಣ್ಣಿನ ರಸದ ಡಬ್ಬಿ. ಅಡಿಕಿ ಬದ್ಲಿ ಗೋಡಂಬಿ. ಬೆಲ್ಲದ ಬದ್ಲಿ ಬಿಸ್ಕೀಟು." ಡಬ್ಬಿ ಖಾಲಿ ಆತು. ತಳದಾಗ ಬಾಯಿ ಒರಸ್ಕೊಳ್ಳೂ ಒದ್ದಿ ಕಾಗದದ ಚೀಟಿ ಒಂದು ಉಳದಿತ್ತು. ಅದನ್ನೂ ಉಡಿಯೊಳಗ ಹಾಕಿದ್ನಿ. "ಇದು ಖಣ."

ನನಗ ನಗೂ ಬರ್ತಿತ್ತು, ಕಣ್ಣಾಗ ನೀರೂ ಬರ್ತಿದ್ವು. ಮಗಳೂ ಹಂಗ ಮಾಡಾಕತ್ತಿದ್ಲು. ಲಖನೌದ ಹೆಣ್ಮಕ್ಕಳು ಇದು ಕರ್ನಾಟಕದ ಪದ್ಧತಿ ಅಂತ ತಿಳಕೊಂಡು ಚಪ್ಪಾಳಿ ಹೊಡದು ಹಾಡು ಹೇಳಿದ್ರು. ಒಬ್ಬಾಕಿ ಫೋಟೋನೂ ತಗದ್ಲು.

ಬೀಗ್ತೇರು ಮಾತ್ರ ಸೋಲೂ ಪೈಕಿ ಅಲ್ಲ. "ಉಡಿ ಅಕ್ಕಿ ಅಂದ್ರ ಅಡಗಿ ಮಾಡಿ ಮನಿಮಂದಿ ಉಣಬೇಕು. ಇದನ್ನ ಹೆಂಗ ಮಾಡೂದ್ರಿ?" ಅಂದ್ರು.

"ಬಿಸಿನೀರು ಹಾಕಿ ಮುಚ್ಚಿದ್ರ ಆತ್ರೀ ಅತ್ತಿ" ಅಂದ್ಲು ಮಗಳು.

ಬಂದವ್ರೆಲ್ಲಾ ಹೋದ ಮ್ಯಾಲೆ ನೀರು ಕುಡಿಯಾಕ ಅಡಗಿಮನಿಗೆ ಹೋದ್ನಿ. ಬೀಗ್ತೇರು ಅಲ್ಲಿ ನೆಲದ ಮ್ಯಾಲೆ ಕುಂತು, ಆ ಉಪ್ಪಿಟ್ಟಿನ ಕಪ್ಪಿನ ತಳಾ ಚಮಚೇಲೆ ಕೆರೀತಿದ್ರು. ಕುಬಸಾ ಮುಗಿಯೂತನಕ ಏನೂ ತಿನ್ನೂದಿಲ್ಲ ಅಂತ ಮುಂಜಾನಿಂದ ಉಪಾಸ ಇದ್ರಂತ ಪಾಪ. ನನ್ನ ನೋಡಿ ಚಮಚ ಕೆಳಗಿಟ್ರು, ಸೆರಗು ಸರಿ ಮಾಡ್ಕೊಂಡ್ರು.

"ಬೀಗ್ತೇರ" ಅಂದ್ರು, "ಕಾಯಿ, ಅಕ್ಕಿ ಎಲ್ಲಾ ನಾಳೆ ಬಂದ್ರೂ ನಡೀತೈತ್ರಿ. ಈಗ ಇಂಥಾ ಉಡಿ ಇನ್ನೊಂದು ಐತೇನ್ರಿ?"