ನಾನೂರ ಇಪ್ಪತ್ತೈದರ ತಿಂಡಿ

ಯುನ್‌ಶೂ: ನೂರು ಬೇಡ ಅತ್ತೆ. ನೂರು ಬಂದ್ರೆ ನಾನು ನಪಾಸು.

ಅತ್ತೆ: ನೂರು ಬಂದ್ರೆ ನಪಾಸಾ? ಯಾವ ಊರಿನ ಲೆಕ್ಕ ಕಣೇ ಇದು? ಒಂದು ಕರಿದ ಹಿಟ್ಟಿನ ಕೋಲು, ಎರಡು ಮೊಟ್ಟೆ. ಪಕ್ಕಪಕ್ಕ ಇಟ್ರೆ ನೂರು. ಪರೀಕ್ಷೆಗೆ ಹೋಗೋ ಮಕ್ಕಳೆಲ್ಲ ಇದನ್ನೇ ತಿಂದು ಹೋಗೋದು. ನಿನ್ನ ಗಂಡ ಲೈಸೆನ್ಸ್ ಪರೀಕ್ಷೆಗೆ ಹೋದಾಗ್ಲೂ ಇದನ್ನೇ ತಿಂದ.

ಯುನ್‌ಶೂ: ಅವನ ಪರೀಕ್ಷೆ ನೂರಕ್ಕಿತ್ತು. ನಂದು ಏಳುನೂರ ಹತ್ತಕ್ಕೆ.

ಅತ್ತೆ: ಏಳುನೂರು ಸರಿ. ಮೇಲಿನ ಹತ್ತು ಏನು, ಕೊಸರಾ?

ತಿಯಾನ್‌ಜಿನ್ ನಗರದ ಹಳೆಯ ವಠಾರದ ಐದನೇ ಮಹಡಿ. ಜೂನ್ ತಿಂಗಳ ಶನಿವಾರ, ಬೆಳಿಗ್ಗೆ ಏಳು ಗಂಟೆ. ಬಾಣಲೆಯ ಮುಂದೆ ನಿಂತಿದ್ದ ಅತ್ತೆ ಗುಯ್‌ಹುವಾ ಮೂವತ್ತು ವರ್ಷ ಗಲ್ಲಿಯ ಬಾಯಲ್ಲಿ ಹಿಟ್ಟಿನ ಕೋಲು ಕರಿದು ಮಾರಿದವರು. ಅಂಗಡಿ ಮುಚ್ಚಿ ಎರಡು ವರ್ಷವಾದರೂ ಕೈಗೆ ಬಂದ ಅಭ್ಯಾಸ ಹೋಗಿರಲಿಲ್ಲ. ಮನೆಯವರಿಗೆ ಬಡಿಸುವಾಗಲೂ ಕೊನೆಗೊಂದು ಚೂರು ಕೊಸರು ಹಾಕದೆ ಅವರಿಗೆ ಸಮಾಧಾನವಿಲ್ಲ.

ಸೊಸೆ ಯುನ್‌ಶೂ ಎರಡು ವರ್ಷದ ಮಗಳು ಪಾಂಗ್‌ಪಾಂಗ್‌ಳನ್ನು ಸೊಂಟಕ್ಕೇರಿಸಿಕೊಂಡು, ಕುತ್ತಿಗೆಗೆ ರೇಡಿಯೋ ಹೆಡ್‌ಫೋನ್ ನೇತುಹಾಕಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಒಂಬತ್ತಕ್ಕೆ ಕಾಲೇಜಿನಲ್ಲಿ ನಾಲ್ಕನೇ ದರ್ಜೆಯ ಇಂಗ್ಲಿಷ್ ಪರೀಕ್ಷೆ. ಅದರಲ್ಲಿ ಕೇಳಿ ಉತ್ತರಿಸುವ ಭಾಗವನ್ನು ಕಾಲೇಜು ರೇಡಿಯೋದಲ್ಲಿ ಬಿತ್ತರಿಸುತ್ತದೆ. ಪಾಸಾಗಲು ನಾನೂರ ಇಪ್ಪತ್ತೈದು ಬೇಕು. ಡಿಸೆಂಬರಿನಲ್ಲಿ ಅವಳಿಗೆ ಬಂದದ್ದು ನಾನೂರ ಇಪ್ಪತ್ತನಾಲ್ಕು. ಬಾಣಂತನಕ್ಕೆಂದು ವರ್ಷ ಬಿಟ್ಟು ಮತ್ತೆ ಹಿಡಿದ ಓದು ಈ ತಿಂಗಳು ಮುಗಿಯುತ್ತದೆ, ಮುಗಿದ ಮೇಲೆ ಈ ಪರೀಕ್ಷೆಗೆ ಕೂರಲು ಬಿಡುವುದಿಲ್ಲ. ಶಿಶುವಿಹಾರವೊಂದು ಸೆಪ್ಟೆಂಬರಿನಿಂದ ಕೆಲಸ ಕೊಡುತ್ತೇನೆಂದಿದೆ, ಇಂಗ್ಲಿಷ್ ಪಾಸಾದ ಕಾಗದ ತಂದರೆ. ಇಂದೇ ಆಗಬೇಕು, ಇಲ್ಲವೇ ಇಲ್ಲ.

ಯುನ್‌ಶೂ: ನಾನು ಇದನ್ನೆಲ್ಲ ನಂಬಲ್ಲ ಅತ್ತೆ. ಓದಿದೋಳು ನಾನು. ಆದ್ರೂ ತಟ್ಟೇಲಿ ನೂರು ಮಾತ್ರ ಇಡಬೇಡಿ.

ಅತ್ತೆ: ನಂಬದೆ ತಾನೇ ಹೋದ ಸಲ ಕೋಲಿನ ಬಾಲ ಬಿಟ್ಟದ್ದು?

ಯುನ್‌ಶೂ: ಹೊಟ್ಟೆ ತುಂಬಿತ್ತು.

ಅತ್ತೆ: ತುಂಬಿತ್ತು. ಬಾಲದಲ್ಲಿತ್ತು ಕಣೇ ನಿನ್ನ ಒಂದು ಅಂಕ. ಬೆಕ್ಕಿಗೆ ಹಾಕಿದೆ. ಬೆಕ್ಕು ಪಾಸಾಯ್ತು.

ಒಳಗಿನಿಂದ ಗಂಡ ದಾಪೆಂಗ್ ಒಂದು ಕಾಲಿಗೆ ಮಾತ್ರ ಸಾಕ್ಸ್ ಹಾಕಿಕೊಂಡು ಬಂದ. ಮನೆಮನೆಗೆ ಪಾರ್ಸೆಲ್ ಹಂಚುವ ಕೆಲಸ ಅವನದು. ಹೆಂಡತಿಯನ್ನು ಸ್ಕೂಟರಿನಲ್ಲಿ ಕಾಲೇಜಿಗೆ ಬಿಟ್ಟು ಕೆಲಸಕ್ಕೆ ಹೋಗಬೇಕಿತ್ತು.

ದಾಪೆಂಗ್: ಹೋದ ಸಲ ನೂರು ತಿಂದು ನಾನೂರ ಇಪ್ಪತ್ನಾಲ್ಕು ತಂದ್ಲಲ್ಲಮ್ಮ. ಒಂದಕ್ಕೆ ನಾಲ್ಕು. ವ್ಯಾಪಾರ ಚೆನ್ನಾಗೇ ಇದೆ.

ಯುನ್‌ಶೂ: ನೀನು ಸುಮ್ನಿರು. ಸ್ಕೂಟರ್ ಚಾರ್ಜಿಗೆ ಹಾಕಿದ್ದೆಯಾ?

ದಾಪೆಂಗ್: ರಾತ್ರಿಯಿಂದ ಮೂರು ಸಲ ಕೇಳಿದೀಯ. ಮೂರು ಸಲವೂ ಹಾಕಿದ್ದೆ.

ಯುನ್‌ಶೂ: ಮತ್ತೆ ಈ ಹೆಡ್‌ಫೋನ್ ನೋಡು. ಬರೀ ಸುಯ್ ಅಂತಿದೆ. ಕೆಟ್ಟಿದೆ.

ದಾಪೆಂಗ್: ಕಾಲೇಜಿನವರು ಪ್ರಸಾರ ಶುರು ಮಾಡೋದೇ ಪರೀಕ್ಷೆ ಹೊತ್ತಿಗೆ. ಈಗ ಸುಯ್ ಅನ್ನದೆ ಹಾಡು ಹೇಳುತ್ತಾ?

ಅವನು ಹೆಡ್‌ಫೋನ್ ತನ್ನ ಕಿವಿಗೇರಿಸಿ ತಿರುಪನ್ನು ಅತ್ತಿತ್ತ ಆಡಿಸಿದ. ಮುಖ ಅರಳಿತು.

ದಾಪೆಂಗ್: ಬಂತು ನೋಡು. ಎಂಥ ಸ್ಪಷ್ಟ. ಮಂಡಿನೋವಿನ ಎಣ್ಣೆ. ಎರಡು ಬಾಟಲಿ ತಗೊಂಡ್ರೆ ಮೂರನೇದು ಪುಕ್ಕಟೆ.

ಯುನ್‌ಶೂ: ಯಾಕೆ ತಿರುಗಿಸ್ದೆ? ಹಾಲ್‌ನಲ್ಲೂ ಅದೇ ಬಂದ್ರೆ? ಎಲ್ಲರೂ ಇಂಗ್ಲಿಷ್ ಕೇಳಿಸ್ಕೊಂಡು ಉತ್ತರ ಬರೀತಿರ್ತಾರೆ, ನಾನು ಮಂಡಿನೋವು ಬರೀಲಾ?

ಅತ್ತೆ: ಯಾವ ಎಣ್ಣೆಯಂತೆ, ಕೇಳು. ನಂಗೆ ಬೇಕಿತ್ತು.

ಯುನ್‌ಶೂ ಹೆಡ್‌ಫೋನ್ ಕಿತ್ತುಕೊಂಡು, ಕೈಮೇಲೆ ಪೆನ್ನಿನಿಂದ ಬರೆದುಕೊಂಡಿದ್ದ ಕಾಲೇಜಿನ ಪ್ರಸಾರದ ಸಂಖ್ಯೆಗೆ ಮುಳ್ಳನ್ನು ತಂದು ನಿಲ್ಲಿಸಿದಳು. ಮತ್ತೆ ಸುಯ್ ಎಂದಿತು. ಈಗ ಆ ಸದ್ದೇ ಅವಳಿಗೆ ಸಮಾಧಾನ ತಂದಿತು.

ಅತ್ತೆ: ಸರಿ, ನೂರು ಬೇಡ ಅಂದ್ಯಲ್ಲ. ಏಳುನೂರ ಹತ್ತೇ ಕರೀತೀನಿ. ಕೋಲು ಬಗ್ಗಿಸಿದ್ರೆ ಏಳು, ನೆಟ್ಟಗಿಟ್ರೆ ಒಂದು, ಮೊಟ್ಟೆ ಸೊನ್ನೆ. ನನ್ನ ಎಡಗೈ ಕೆಲಸ.

ಯುನ್‌ಶೂ: ಬೇಡ ಬೇಡ. ಪೂರ್ತಿ ಅಂಕ ಕೇಳಿದ್ರೆ ದೃಷ್ಟಿ ತಾಗುತ್ತೆ.

ದಾಪೆಂಗ್: ನಂಬಲ್ಲ ಅಂದ್ಯಲ್ಲ.

ಯುನ್‌ಶೂ: ನಂಬಲ್ಲ. ಆದ್ರೂ ಯಾಕೆ ರಿಸ್ಕು? ನಂಗೆ ನಾನೂರ ಇಪ್ಪತ್ತೈದು ಸಾಕು. ನಾಲ್ಕು, ಎರಡು, ಐದು. ಅಷ್ಟೇ ಕರೀರಿ.

ಅತ್ತೆಯ ಕೈಯಲ್ಲಿದ್ದ ಉದ್ದನೆಯ ಕಡ್ಡಿಗಳು ಬಾಣಲೆಯ ಮೇಲೆಯೇ ನಿಂತವು.

ಅತ್ತೆ: ನಾಲ್ಕು ನಾನು ಕರಿಯಲ್ಲ.

ಯುನ್‌ಶೂ: ಯಾಕೆ?

ಅತ್ತೆ: ಯಾಕೆ ಅಂತ ಕೇಳ್ತೀಯಲ್ಲ, ಈ ದೇಶದಲ್ಲೇ ಹುಟ್ಟಿದ್ದು ತಾನೇ ನೀನು? ಅದು ಸಾವಿನ ಅಂಕಿ. ನಾಲ್ಕು ಅಂದ್ರೂ ಸಾವು ಅಂದ್ರೂ ನಮ್ಮ ಬಾಯಲ್ಲಿ ಒಂದೇ ಸದ್ದು. ನಮ್ಮ ಬಿಲ್ಡಿಂಗಲ್ಲೇ ನಾಲ್ಕನೇ ಮಹಡಿಗೆ ಬಾಡಿಗೆ ಕಮ್ಮಿ. ಮೂವತ್ತು ವರ್ಷದಲ್ಲಿ ಒಬ್ಬನಿಗೂ ನಾಲ್ಕು ಕೋಲು ಕಟ್ಟಿಕೊಟ್ಟೋಳಲ್ಲ. ಮೂರು ತಗೋ, ಇಲ್ಲ ಐದು ತಗೋ, ಇಲ್ಲ ಆಚೆ ಅಂಗಡಿಗೆ ಹೋಗು ಅಂತಿದ್ದೆ.

ಯುನ್‌ಶೂ: ಪರೀಕ್ಷೆ ಹೆಸರೇ ನಾಲ್ಕನೇ ದರ್ಜೆ ಅತ್ತೆ.

ಅತ್ತೆ: ಅದಕ್ಕೇ ಮತ್ತೆ. ಹೆಸರಲ್ಲೂ ಅದೇ. ಹೋದ ಸಲದ ಅಂಕದಲ್ಲೂ ತಲೆಗೊಂದು, ಬಾಲಕ್ಕೊಂದು. ಇನ್ನೇನಾಗುತ್ತೆ? ಐನೂರು ಕರೀತೀನಿ, ತಿಂದು ಹೋಗು.

ಯುನ್‌ಶೂ: ಐನೂರು ನನ್ನ ಕೈಲಾಗಲ್ಲ. ಐನೂರು ಬರೋವಷ್ಟು ಓದಿಲ್ಲ ನಾನು. ಓದೋಕೆ ಕೂತಾಗೆಲ್ಲ ಪಾಂಗ್‌ಪಾಂಗ್ ಎದ್ದುಬಿಡ್ತಾಳೆ.

ದಾಪೆಂಗ್: ಓದಿದ್ದಕ್ಕೆ ತಕ್ಕ ಹಾಗೆ ತಿನ್ನಬೇಕಾ? ಹಾಗಾದ್ರೆ ನಾನು ಇವತ್ತಿಗೂ ಉಪವಾಸ ಇರಬೇಕಿತ್ತು.

ಯುನ್‌ಶೂ ಗಡಿಯಾರ ನೋಡಿದಳು. ಏಳೂ ಇಪ್ಪತ್ತು. ಕಣ್ಣಲ್ಲಿ ನೀರು ಬರುವ ಸೂಚನೆ ಕಂಡ ಅತ್ತೆ ಒಲೆ ಸಣ್ಣಗೆ ಮಾಡಿ, ಹಿಟ್ಟಿನ ಮುದ್ದೆಯನ್ನು ತಿರುತಿರುಗಿಸಿ ನೋಡಿದರು.

ಅತ್ತೆ: ಅಳಬೇಡ. ಅತ್ತರೆ ಕಲಿತ ಇಂಗ್ಲಿಷೂ ನೀರಲ್ಲಿ ಹೋಗುತ್ತೆ. ಒಂದು ಮಾತು ಹೇಳ್ತೀನಿ. ನಾನು ಕುರ್ಚಿ ಕರೀತೀನಿ.

ಯುನ್‌ಶೂ: ಕುರ್ಚಿ?

ಅತ್ತೆ: ಕುರ್ಚಿ. ತಲೆಕೆಳಗಾದ ಕುರ್ಚಿ. ಕರಿಯೋದು ನಾನು, ನನಗದು ಕುರ್ಚಿ. ತಿನ್ನೋದು ನೀನು. ನೀನೇನು ಅಂದ್ಕೊಂಡು ತಿಂತೀಯೋ ನಂಗೆ ಗೊತ್ತಿಲ್ಲ, ನಾನು ಕೇಳೂ ಇಲ್ಲ.

ದಾಪೆಂಗ್: ಅಮ್ಮ, ನೀನು ವಕೀಲಿ ಓದಬೇಕಿತ್ತು.

ಹಿಟ್ಟು ಎಣ್ಣೆಗೆ ಬಿತ್ತು. ಮೂವತ್ತು ವರ್ಷ ನೆಟ್ಟಗೆ ಬಿದ್ದು ನೆಟ್ಟಗೇ ಎದ್ದ ಹಿಟ್ಟಿಗೆ ಬಾಗಿ ಅಭ್ಯಾಸವಿರಲಿಲ್ಲ. ಕುರ್ಚಿ ಉಬ್ಬಿ ಸೋಫಾ ಆಗಲು ಹೊರಟಾಗ ಅತ್ತೆ ಕಡ್ಡಿಯಿಂದ ಅದರ ಪಕ್ಕೆಗೆ ತಿವಿದು ಬುದ್ಧಿ ಹೇಳಿದರು. ಆಮೇಲೆ ಇನ್ನೆರಡು ಎದ್ದವು. ಮೂರನ್ನೂ ತಟ್ಟೆಯಲ್ಲಿ ಸಾಲಾಗಿ ಇಟ್ಟರು.

ಅತ್ತೆ: ಲೋ, ಓದು ನೋಡೋಣ.

ದಾಪೆಂಗ್: ಕುರ್ಚಿ. ಬಾತುಕೋಳಿ. ಟೋಪಿ ಹಾಕಿದ ಹೊಟ್ಟೆ ಸಾಹುಕಾರ.

ಯುನ್‌ಶೂ: ಬಾತುಕೋಳಿ ಎಲ್ಲಿ? ಅದು ಎರಡು. ಅಲ್ವಾ ಅತ್ತೆ? ಅಯ್ಯೋ, ಎರಡು ಅಂತ ಗೊತ್ತಾಗೋದೇ ಇಲ್ವಾ?

ದಾಪೆಂಗ್: ಗೊತ್ತಾಗುತ್ತೆ, ಗೊತ್ತಾಗುತ್ತೆ. ಇಂಗ್ಲಿಷ್ ಬಾತುಕೋಳಿ.

ಯುನ್‌ಶೂ: ನೀನು ಆ ಕಡೆ ಕೂರಬೇಡ. ಆ ಕಡೆಯಿಂದ ಓದಿದ್ರೆ ಐನೂರ ಇಪ್ಪತ್ನಾಲ್ಕು ಆಗುತ್ತೆ.

ದಾಪೆಂಗ್: ಆದ್ರೆ ಒಳ್ಳೇದೇ ಅಲ್ವಾ?

ಯುನ್‌ಶೂ: ಕೊನೇಲಿ ನಾಲ್ಕು ಬರುತ್ತೆ. ಹೋದ ಸಲವೂ ಕೊನೇಲಿ ನಾಲ್ಕೇ ಇದ್ದದ್ದು. ಈ ಕಡೆ ಬಾ.

ಅವಳು ಮಗಳನ್ನು ಕೆಳಗಿಳಿಸಿ ಕುರ್ಚಿಯಿಂದ ಶುರು ಮಾಡಿದಳು. ಒಂದು ತುಣುಕೂ ಉಳಿಯದಂತೆ ತಿಂದು, ತಟ್ಟೆಗೆ ಉದುರಿದ ಚೂರನ್ನು ಬೆರಳಲ್ಲಿ ಒತ್ತಿ ಬಾಯಿಗೆ ಹಾಕಿಕೊಂಡಳು. ಬಾತುಕೋಳಿಯನ್ನು ಸೋಯಾ ಹಾಲಿನಲ್ಲಿ ಅದ್ದಿ ಮುಗಿಸಿದಳು. ಬಾಯಿ ಒರೆಸಿಕೊಂಡು ತಲೆಯೆತ್ತಿದರೆ ತಟ್ಟೆ ಖಾಲಿ. ಪಾಂಗ್‌ಪಾಂಗ್ ಸ್ಟೂಲಿನ ಮರೆಯಲ್ಲಿ ಐದನ್ನು ಎರಡು ಕೈಯಲ್ಲಿ ಹಿಡಿದು ನಿಂತಿದ್ದಳು. ಕೆನ್ನೆ ಉಬ್ಬಿತ್ತು.

ಯುನ್‌ಶೂ: ಉಗುಳು ಕಂದಾ. ಅಮ್ಮಂಗೆ ಕೊಡು.

ಪಾಂಗ್‌ಪಾಂಗ್: ಇನ್ನೊಂದು.

ಯುನ್‌ಶೂ: ದಾಪೆಂಗ್, ನಲವತ್ತೆರಡಕ್ಕೆ ನಿಂತೆ ನಾನು. ನಲವತ್ತೆರಡು.

ದಾಪೆಂಗ್ ಮಗಳ ಕೈಯಿಂದ ಐದನ್ನು ಬಿಡಿಸಿ ಬೆಳಕಿಗೆ ಹಿಡಿದ.

ದಾಪೆಂಗ್: ಬರೀ ಟೋಪಿ ತಿಂದಿದಾಳೆ. ಹೊಟ್ಟೆ ಪೂರ್ತಿ ಇದೆ.

ಯುನ್‌ಶೂ: ಟೋಪಿ ಇಲ್ಲದ ಐದನ್ನ ಯಾರಾದ್ರೂ ಐದು ಅಂತಾರಾ? ಮೂರು ಅಂತಾರೆ. ನಾನೂರ ಇಪ್ಪತ್ಮೂರು. ಹೋದ ಸಲಕ್ಕಿಂತ ಒಂದು ಕಮ್ಮಿ.

ದಾಪೆಂಗ್: ಟೋಪಿ ಎಲ್ಲಿಗೆ ಹೋಯ್ತು? ನಿನ್ನ ಮಗಳ ಹೊಟ್ಟೇಲೇ ಇದೆಯಲ್ಲ. ಮನೆ ಬಿಟ್ಟು ಹೋಗಿಲ್ಲ.

ಯುನ್‌ಶೂ: ಪಾಸಾಗಬೇಕಾದ್ದು ಅವಳಾ?

ಅತ್ತೆ: ಇಬ್ರೂ ಬಾಯಿ ಮುಚ್ಚಿ. ಪಾತ್ರೆ ಕೊಡು.

ಪಾತ್ರೆಯಲ್ಲಿ ಹಿಟ್ಟು ಮುಗಿದಿತ್ತು. ಅತ್ತೆ ಅಂಚಿಗೆ ಮೆತ್ತಿದ್ದನ್ನೆಲ್ಲ ಉಗುರಿನಿಂದ ಕೆರೆದು, ಹೊಸೆದು, ಒಂದು ಸಣ್ಣ ಟೋಪಿ ಕರಿದರು. ಹೊಟ್ಟೆ ಸಾಹುಕಾರನ ತಲೆಯ ಮೇಲೆ ಅದನ್ನು ಇಟ್ಟು, ಜಾರದಂತೆ ಎರಡು ಬೆರಳಲ್ಲಿ ಹಿಡಿದು ಸೊಸೆಯ ಬಾಯಿಗೇ ಕೊಟ್ಟರು. ಅವಳು ಕಣ್ಣುಮುಚ್ಚಿ ಅಗಿದಳು. ಏಳೂ ಐವತ್ತು.

ನುಂಗಿ ಕಣ್ಣುಬಿಟ್ಟರೆ ತಟ್ಟೆಯಲ್ಲಿ ಕಡಲೆಕಾಳಿನಷ್ಟು ಒಂದು ಚೂರು ಕರಿದದ್ದು ಕೂತಿತ್ತು.

ಯುನ್‌ಶೂ: ಇದೇನತ್ತೆ?

ಅತ್ತೆ: ಕೈಯಲ್ಲಿ ಉಳಿದಿತ್ತು. ತಿನ್ನು.

ಯುನ್‌ಶೂ: ಇದು ಯಾವ ಅಂಕಿ?

ಅತ್ತೆ: ಯಾವ ಅಂಕೀನೂ ಅಲ್ಲ. ಲೆಕ್ಕಕ್ಕಿಲ್ಲದ್ದು.

ಯುನ್‌ಶೂ: ನಾಲ್ಕಂಕಿ ಆಗಿಬಿಟ್ರೆ? ನಾಲ್ಕು ಸಾವಿರ ಚಿಲ್ಲರೆ ಆಗುತ್ತೆ, ಏಳುನೂರ ಹತ್ತಕ್ಕೆ.

ದಾಪೆಂಗ್: ಆದ್ರೆ ಮಿಕ್ಕಿದ್ದನ್ನ ನಂಗೆ ಕೊಡು. ಬಾ, ಹೊತ್ತಾಯ್ತು.

ಅವನು ಚೂರನ್ನು ಅವಳ ಬಾಯಿಗೆ ತುರುಕಿ ಎಳೆದುಕೊಂಡು ಹೋದ. ಮೆಟ್ಟಿಲಿನಿಂದ ಅವಳ ದನಿ ಮೇಲೆ ಬರುತ್ತಲೇ ಇತ್ತು: ಮಗುವಿಗೆ ಹತ್ತಕ್ಕೆ ಹಾಲು, ಕಿಟಕಿಗೆ ಚಿಲಕ, ಗುರುತಿನ ಚೀಟಿ ಜೇಬಿನಲ್ಲಿದೆಯೇ, ಪೆನ್ಸಿಲ್ ಎರಡು ಸಾಕೇ.

ಆಗಸ್ಟ್ ಕೊನೆಯ ವಾರ ಫಲಿತಾಂಶ ಬಂತು. ಯುನ್‌ಶೂಗೆ ಮೊಬೈಲ್ ನೋಡುವ ಧೈರ್ಯವಾಗಲಿಲ್ಲ. ಮಗಳನ್ನು ತಬ್ಬಿಕೊಂಡು ಗೋಡೆಗೆ ಮುಖ ಮಾಡಿ ಕೂತಳು. ದಾಪೆಂಗ್ ಪಾರ್ಸೆಲ್ ಹಂಚಲು ಹೋಗಿದ್ದ. ಅತ್ತೆ ಕನ್ನಡಕ ಏರಿಸಿಕೊಂಡು ಮೊಬೈಲನ್ನು ಕೈ ಚಾಚುವಷ್ಟು ದೂರ ಹಿಡಿದರು.

ಯುನ್‌ಶೂ: ಓದಿ ಅತ್ತೆ. ನಿಧಾನ ಓದಿ. ಅಲ್ಲ, ಬೇಗ ಓದಿ.

ಅತ್ತೆ: ಮೊದಲು ಕುರ್ಚಿ ಇದೆ.

ಯುನ್‌ಶೂ: ಆಮೇಲೆ?

ಅತ್ತೆ: ಬಾತುಕೋಳಿ.

ಯುನ್‌ಶೂ: ಆಮೇಲೆ?

ಅತ್ತೆ: ಕೊನೇದು ನಾನು ಕರಿದದ್ದಲ್ಲ ಕಣೇ.

ಶಿಶುವಿಹಾರದ ಬಣ್ಣದ ಗೇಟು ಯುನ್‌ಶೂಳ ಕಣ್ಣಮುಂದೆಯೇ ಮುಚ್ಚಿಕೊಂಡಿತು.

ಯುನ್‌ಶೂ: ಮತ್ತೆ ನಾಲ್ಕಾ? ಮೂರಾ? ಟೋಪಿ ಸರಿಯಾಗಿ ಕೂತಿರಲಿಲ್ಲ ಅಂತ ನಂಗೆ ಅವತ್ತೇ ಅನ್ನಿಸಿತ್ತು.

ಅತ್ತೆ: ಆರು.

ಅವಳು ತಿರುಗಿ ಮೊಬೈಲ್ ಕಿತ್ತುಕೊಂಡಳು. ನಾನೂರ ಇಪ್ಪತ್ತಾರು. ಹೆಸರು ನೋಡಿದಳು, ತನ್ನದೇ. ಕಾಲೇಜು ನೋಡಿದಳು, ತನ್ನದೇ. ಮಗಳನ್ನು ಮುದ್ದಾಡಿದಳು, ಅತ್ತೆಯನ್ನು ತಬ್ಬಿದಳು, ಸ್ವಲ್ಪ ಅತ್ತಳು. ಮೂಗು ಒರೆಸಿಕೊಂಡ ಮೇಲೆ ಹುಬ್ಬು ಮತ್ತೆ ಗಂಟಿಕ್ಕಿತು.

ಯುನ್‌ಶೂ: ತಿಂದದ್ದು ಐದು. ಆರು ಹೇಗೆ ಬಂತು?

ಅತ್ತೆ: ಅವತ್ತು ಕೊನೇಲಿ ಒಂದು ಚೂರು ಇಟ್ಟಿರಲಿಲ್ವಾ? ಕೊಸರು. ಕೊಸರಿಲ್ಲದೆ ಒಬ್ಬ ಗಿರಾಕೀನೂ ಕಳಿಸಿದೋಳಲ್ಲ ನಾನು.

ಯುನ್‌ಶೂ: ಅತ್ತೆ, ಆ ಒಂದು ಅಂಕ ಅವರು ತಪ್ಪಿ ಕೊಟ್ಟಿದ್ರೆ? ನಾಳೆ ಲೆಕ್ಕ ನೋಡಿ ವಾಪಸ್ ಕೇಳಿದ್ರೆ?

ಅತ್ತೆ: ಕೇಳಲಿ, ಕೊಡೋಣ. ಕೊಸರು ಹೋದ್ರೂ ಕೋಲು ನಮ್ಮದೇ ತಾನೇ?