ಗದಿಗೆವ್ವನ ಎಮ್ಮೆ ಮತ್ತು ಚಹಾ ಜಪ್ತಿಯ ನಿಯಮ

ನಮ್ಮೂರ ಪೊಲೀಸ್ ಠಾಣೆಯಲ್ಲಿ ಈಗ ಯಾರೂ ಯಾರಿಂದಲೂ ಏನನ್ನೂ ಸ್ವೀಕರಿಸುವುದಿಲ್ಲ. ಇದು ಸತ್ಯ ಸಂಗತಿ. ಇದಕ್ಕೆ ಕಾರಣ ಗದಿಗೆವ್ವನ ಎಮ್ಮೆ. ಎಮ್ಮೆ ಎಂದರೆ ಇಲ್ಲಿ ನಾಲ್ಕು ಕಾಲಿನ ನಿಜವಾದ ಎಮ್ಮೆ; ಯಾರನ್ನಾದರೂ ಬೈಯಲು ಬಳಸಿದ ಮಾತಲ್ಲ.

ನಮ್ಮೂರು ಮುಂಡರಗಿಗೂ ಶಿರಹಟ್ಟಿಗೂ ನಡುವೆ ಇದೆ. ಠಾಣೆಯ ಎದುರಿಗೆ ನನ್ನ ಝೆರಾಕ್ಸ್ ಅಂಗಡಿ ಇದೆ. ಅದು ಎದುರಿಗೇ ಇರುವುದರಿಂದ, ಪಂಚರು ಬೇಕಾದಾಗಲೆಲ್ಲ ಪೊಲೀಸರು ನನ್ನನ್ನೇ ಕರೆಯುತ್ತಾರೆ. ಪಂಚನೆಂದರೆ ಪೊಲೀಸರು ಏನನ್ನಾದರೂ ಜಪ್ತಿ ಮಾಡುವಾಗ ಪಕ್ಕದಲ್ಲಿ ನಿಂತು ನೋಡಿ, ನೋಡಿದ್ದೇನೆ ಎಂದು ಸಹಿ ಹಾಕುವವನು. ಆದ್ದರಿಂದ ಮುಂದೆ ಹೇಳುವುದನ್ನೆಲ್ಲ ನಾನು ನೋಡಿದ್ದೇನೆ. ಕೆಲವನ್ನು ಕುಡಿದೂ ಇದ್ದೇನೆ. ಅದನ್ನು ಅದರ ಜಾಗದಲ್ಲಿ ಹೇಳುತ್ತೇನೆ.

ಹೊಸದಾಗಿ ಬಂದ ಪಿಎಸ್‌ಐ ಸಿದ್ದಲಿಂಗೇಶ ಸಾಹೇಬರು ಬಹಳ ನೀತಿವಂತರು. ಬಂದ ದಿನವೇ ಬಾಗಿಲ ಮೇಲೆ ಒಂದು ಫಲಕ ಹಾಕಿಸಿದರು: "ಈ ಠಾಣೆಯ ಸಿಬ್ಬಂದಿಯು ಸಾರ್ವಜನಿಕರಿಂದ ಘನ, ದ್ರವ ಅಥವಾ ಕರಿದ ಯಾವುದೇ ವಸ್ತುವನ್ನು ಸ್ವೀಕರಿಸತಕ್ಕದ್ದಲ್ಲ." ಕರಿದದ್ದೂ ಘನವೇ ಅಲ್ಲವೇ ಎಂದು ನೀವು ಕೇಳಬಹುದು. ಆದರೆ ದಫೇದಾರ ಹೇಮಪ್ಪನವರು ಮಿರ್ಚಿ ಭಜಿಯನ್ನು ಘನವೆಂದು ಒಪ್ಪಲಿಲ್ಲ. ಒಳಗೆ ಮೆತ್ತಗಿರುತ್ತದೆ ಎಂಬುದು ಅವರ ವಾದ. ಹಾಗಾಗಿ ಬೇರೆಯಾಗಿ ಬರೆಸಬೇಕಾಯಿತು.

ಅದೇ ವಾರ ಗದಿಗೆವ್ವನ ಎಮ್ಮೆ ಕಳವಾಯಿತು. ಆಕೆಗೆ ಇದ್ದದ್ದು ಅದೊಂದೇ ಎಮ್ಮೆ. ಅದರ ಹಾಲನ್ನು ಓಣಿಯಲ್ಲಿ ಮಾರಿ ಆಕೆ ಬದುಕುತ್ತಿದ್ದಳು. ಸಾಹೇಬರು, ಹೇಮಪ್ಪ ಮತ್ತು ನಾನು ಸ್ಥಳ ಪಂಚನಾಮೆಗೆ ಆಕೆಯ ಮನೆಗೆ ಹೋದೆವು. ಸ್ಥಳ ಪಂಚನಾಮೆ ಎಂದರೆ ಎಮ್ಮೆ ಇಲ್ಲದ ಜಾಗವನ್ನು ನೋಡಿ, ಎಮ್ಮೆ ಇಲ್ಲ ಎಂದು ಬರೆಯುವುದು.

ಗದಿಗೆವ್ವ ನೆರೆಮನೆಯಿಂದ ಹಾಲು ಕಡ ತಂದು ಚಹಾ ಮಾಡಿ ಮುಂದಿಟ್ಟಳು.

"ಬ್ಯಾಡವ್ವಾ, ನಾವು ಕುಡಿಯಂಗಿಲ್ಲ," ಎಂದರು ಸಾಹೇಬರು.

"ಯಾಕ್ರೀ? ಸಕ್ಕರಿ ಬ್ಯಾನಿ ಐತೇನ್ರಿ?"

"ಇಲ್ಲ. ನಿಯಮ ಐತಿ."

ಗದಿಗೆವ್ವ ಸೆರಗನ್ನು ಸೊಂಟಕ್ಕೆ ಸಿಗಿಸಿದಳು. "ನಮ್ಮ ಮನಿ ಚಾ ಮುಟ್ಟಂಗಿಲ್ಲಂದ್ರ ನಾ ಏನ್ ಅಂಥಾದ್ದು ಮಾಡೀನ್ರಿ? ನಮ್ಮ ಬೀಗರು ಬಡಿದಾಡಿದಾಗೂ ಚಾ ಕುಡದ ಹೋಗ್ಯಾರ. ನೀವು ಕುಡಿಯಂಗಿಲ್ಲಂದ್ರ ನಾ ಸಹಿನೂ ಮಾಡಂಗಿಲ್ಲ!"

ನಮ್ಮ ಕಡೆ ಕೊಟ್ಟ ಚಹಾ ಬೇಡವೆಂದರೆ ಸಂಬಂಧ ಕಡಿದುಕೊಂಡಂತೆ. ಇದು ಸಾಹೇಬರಿಗೂ ಗೊತ್ತಿತ್ತು. ಆದರೆ ಕುಡಿದರೆ ನೀತಿ ಹೋಗುತ್ತದೆ, ಕುಡಿಯದಿದ್ದರೆ ಸಹಿ ಸಿಗುವುದಿಲ್ಲ, ಸಹಿ ಇಲ್ಲದೆ ಎಮ್ಮೆಯನ್ನು ಹುಡುಕಲು ಬರುವುದಿಲ್ಲ. ಎಲ್ಲರೂ ಚಹಾದ ಕಪ್ಪುಗಳನ್ನು ನೋಡುತ್ತ ನಿಂತೆವು. ಕೆನೆ ಕಟ್ಟತೊಡಗಿತು.

ಆಗ ಹೇಮಪ್ಪನವರು ಗಂಟಲು ಸರಿಮಾಡಿಕೊಂಡರು. "ಸಾಹೇಬ್ರ, ಸ್ವೀಕರಿಸೂದು ಬ್ಯಾರೆ, ಜಪ್ತಿ ಮಾಡೂದು ಬ್ಯಾರೆ."

"ಅಂದ್ರ?"

"ಕೊಟ್ಟದ್ದು ತಗೊಂಡ್ರ ಲಂಚ ಆಕ್ಕೈತಿ. ನಾವಾಗೇ ಕಸಗೊಂಡ್ರ ಕರ್ತವ್ಯ ಆಕ್ಕೈತ್ರಿ."

ಸಾಹೇಬರ ಮುಖ ಅರಳಿತು. ಕೂಡಲೇ ಪಂಚನಾಮೆ ಬರೆಯಲಾಯಿತು: "ಸದರಿ ಚಹಾವು ಕೆಂಪು ಬಣ್ಣದ್ದಾಗಿದ್ದು, ಶುಂಠಿಯ ವಾಸನೆ ಹೊಂದಿದ್ದು, ಅದನ್ನು ಪಂಚರ ಸಮಕ್ಷಮ ಜಪ್ತಿ ಮಾಡಲಾಯಿತು. ಸದರಿ ವಸ್ತುವು ಬೇಗ ಕೆಡುವಂಥದ್ದಾದ್ದರಿಂದ ಸ್ಥಳದಲ್ಲಿಯೇ ವಿಲೇವಾರಿ ಮಾಡಲಾಯಿತು." ವಿಲೇವಾರಿ ಎಂದರೆ ಕುಡಿಯುವುದು. ಒಂದು ಕಪ್ಪನ್ನು ನಾನು ವಿಲೇವಾರಿ ಮಾಡಿದೆ. ಉಳಿದ ಸ್ವಲ್ಪವನ್ನು ಬಾಟಲಿಗೆ ಹಾಕಿ ಅರಗಿನ ಮುದ್ರೆ ಒತ್ತಿ ಮಾದರಿಯೆಂದು ಇಟ್ಟರು. ಆ ಬಾಟಲಿಯಲ್ಲಿ ಈಗ ಏನೋ ಬೆಳೆದಿದೆ. ಅದನ್ನು ಇನ್ನೂ ಜಪ್ತಿ ಮಾಡಿಲ್ಲ.

ಗದಿಗೆವ್ವ ಸಂತೋಷದಿಂದ ಸಹಿ ಹಾಕಿದಳು.

ಸುದ್ದಿ ಊರಲ್ಲಿ ಹಬ್ಬಿತು. ಜನ ಠಾಣೆಗೆ ಬರುವಾಗ ತಾವಾಗಿಯೇ ಬಾಳೆಹಣ್ಣು, ಗಿರಮಿಟ್ಟು ತಂದು ಮೇಜಿನ ಮೇಲಿಟ್ಟು, "ಜಪ್ತಿ ಮಾಡ್ರಿ ಸಾಹೇಬ್ರ," ಎನ್ನತೊಡಗಿದರು. ಒಬ್ಬರಂತೂ, ತಮ್ಮ ಭಜಿಯನ್ನು ಜಪ್ತಿ ಮಾಡುವಾಗ ತಾವು ವಿರೋಧಿಸಿದ್ದಾಗಿಯೂ ಬರೆಯಬೇಕೆಂದು ಹಟ ಹಿಡಿದರು. ಹಾಗೆಯೇ ಬರೆಯಲಾಯಿತು. ಠಾಣೆಯಲ್ಲಿ ಲಂಚವೆಂಬುದು ನಿಂತೇ ಹೋಯಿತು.

ಎಮ್ಮೆಯೂ ಸಿಕ್ಕಿತು. ಕದ್ದವನು ವಿಶಾಲ ಎಂಬ ತರುಣ. ಅವನು ಅದನ್ನು ಸಿಂಗಟಾಲೂರಿನ ಹೊಳೆಯವರೆಗೆ ಹೊಡೆದುಕೊಂಡು ಹೋಗಿದ್ದ. ಎಮ್ಮೆ ನೀರಿಗಿಳಿದು ಕುಳಿತಿತು. ಪೊಲೀಸರು ಹೋದಾಗ ವಿಶಾಲ ಅದು ಏಳುವುದನ್ನು ಕಾಯುತ್ತ ದಂಡೆಯ ಮೇಲಿದ್ದ. ಪೊಲೀಸರೂ ಅವನ ಪಕ್ಕದಲ್ಲಿ ಕುಳಿತು ಕಾದರು.

ಎಮ್ಮೆಯನ್ನು ತಂದು ಠಾಣೆಯ ಬೇವಿನ ಮರಕ್ಕೆ ಕಟ್ಟಿದರು. ಗದಿಗೆವ್ವ ಹಗ್ಗ ಹಿಡಿದುಕೊಂಡು ಬಂದಳು.

"ಒಯ್ಯಾಕ ಬರಂಗಿಲ್ಲವ್ವಾ," ಎಂದರು ಹೇಮಪ್ಪ. "ಅದು ಈಗ ಎಮ್ಮಿ ಅಲ್ಲ, ಮುದ್ದೆಮಾಲು."

ಮುದ್ದೆಮಾಲು ಎಂದರೆ ಕೇಸಿನಲ್ಲಿ ಜಪ್ತಿಯಾದ ವಸ್ತು. ಅದನ್ನು ಬಿಡಲು ಕೋರ್ಟು ಹೇಳಬೇಕು. ಕೋರ್ಟು ಹೇಳಲು ಠಾಣೆ ವರದಿ ಕಳಿಸಬೇಕು. ವರದಿ ಕಳಿಸಲು ಠಾಣೆಗೆ ಮನಸ್ಸು ಬರಬೇಕು. ಅಷ್ಟರಲ್ಲಿ ಹಾಲಿನ ಪ್ರಶ್ನೆ ಬಂತು. ಹಾಲು ಬೇಗ ಕೆಡುವ ವಸ್ತು. ಅದನ್ನು ಚಹಾ ಮಾಡಿ ವಿಲೇವಾರಿ ಮಾಡಬೇಕು. ಆದರೆ ಹಿಂಡಲು ಹೋದ ಹೇಮಪ್ಪನವರನ್ನು ಎಮ್ಮೆ ಒದ್ದಿತು. ಅದು ಗದಿಗೆವ್ವನ ಕೈಗೆ ಮಾತ್ರ ಹಾಲು ಬಿಡುತ್ತಿತ್ತು. ಸಾರ್ವಜನಿಕರಿಂದ ಸೇವೆ ಪಡೆಯುವುದೂ ನೀತಿಗೆ ವಿರುದ್ಧವಾದ್ದರಿಂದ ಹೀಗೆ ಬರೆಯಲಾಯಿತು: "ಫಿರ್ಯಾದಿಯ ಎರಡೂ ಕೈಗಳನ್ನು ಜಪ್ತಿ ಮಾಡಲಾಗಿದ್ದು, ಅವು ಆಕೆಗೇ ಅಂಟಿಕೊಂಡಿರುವುದರಿಂದ ಸದ್ಯಕ್ಕೆ ಆಕೆಯ ವಶದಲ್ಲಿಯೇ ಬಿಡಲಾಗಿದೆ." ನಾನು ಸಹಿ ಹಾಕಿದೆ.

ಗದಿಗೆವ್ವನಿಗೆ ಕುಳ್ಳು ತಟ್ಟಲು ಸೆಗಣಿ ಒಯ್ಯುವುದಕ್ಕೆ ಮಾತ್ರ ಅನುಮತಿ ಸಿಕ್ಕಿತು. ಕಳವಾದ ದಿನ ಎಮ್ಮೆಯ ಹೊಟ್ಟೆಯಲ್ಲಿ ಆ ಸೆಗಣಿ ಇರಲಿಲ್ಲವಾದ್ದರಿಂದ ಅದು ಮುದ್ದೆಮಾಲು ಅಲ್ಲ.

"ಹಂಗಾದ್ರ ಈ ಹಾಲೂ ಅವತ್ತು ಇರಲಿಲ್ಲಲ್ರಿ ಯಪ್ಪಾ?"

"ಅದನ್ನ ಮ್ಯಾಲಿನವ್ರಿಗೆ ಕೇಳೇವಿ," ಎಂದರು ಸಾಹೇಬರು.

ಮೇಲಿನವರು ತಾವಾಗಿಯೇ ಬಂದರು. ಗದಗದಿಂದ ಪೊಲೀಸರ ನೀತಿ ಪರೀಕ್ಷಿಸಲು ನೇತ್ರಾ ಮೇಡಂ ಬಂದಾಗ ಗದಿಗೆವ್ವ ಅವರ ಮುಂದೆ ಕೈ ಮುಗಿದಳು. ಕೈಗಳು ಜಪ್ತಿಯಲ್ಲಿದ್ದುದರಿಂದ ಮೊದಲು ಹೇಮಪ್ಪನವರ ಪರವಾನಗಿ ಪಡೆದು ಮುಗಿದಳು. "ಮೇಡಮ್ಮಾರ, ನನ್ನ ಎಮ್ಮಿ ಕೊಡಸ್ರಿ. ಕುಳ್ಳು ಮಾರಿ ಬದುಕಾಕತ್ತೀನ್ರಿ."

ಮೇಡಂ ಎಲ್ಲ ಕೇಳಿ ಗಂಭೀರರಾದರು. ಗದಿಗೆವ್ವ ಚಹಾ ಕೊಟ್ಟಳು. ಮೇಡಂ ಬೇಡವೆಂದರು. ಗದಿಗೆವ್ವ ಸೆರಗನ್ನು ಸೊಂಟಕ್ಕೆ ಸಿಗಿಸಿದಳು. ಮೇಡಂ ಒಂದು ಕ್ಷಣ ಅವಳನ್ನು ನೋಡಿ, "ದಫೇದಾರ, ಪಂಚರನ್ನ ಕರೀರಿ," ಎಂದರು.

ಖಾಲಿ ಕಪ್ಪು ಕೆಳಗಿಟ್ಟು ಅವರು ಆದೇಶ ಹೊರಡಿಸಿದರು. ಎಮ್ಮೆಯನ್ನು ಬಿಟ್ಟರೆ ಠಾಣೆಯ ಚಹಾಕ್ಕೆ ಹಾಲು ಇರುವುದಿಲ್ಲ. ಹಾಲಿಲ್ಲದಿದ್ದರೆ ಸಿಬ್ಬಂದಿಗೆ ಹೊರಗಿನವರಿಂದ ಚಹಾ ಸ್ವೀಕರಿಸುವ ಮನಸ್ಸಾಗುತ್ತದೆ. ಆದ್ದರಿಂದ ಸಿಬ್ಬಂದಿಯ ನೈತಿಕತೆಯ ಹಿತದೃಷ್ಟಿಯಿಂದ ಎಮ್ಮೆಯನ್ನು ಮುಂದಿನ ಆದೇಶದವರೆಗೆ ಠಾಣೆಯಲ್ಲಿಯೇ ಉಳಿಸಿಕೊಳ್ಳತಕ್ಕದ್ದು.

ಆ ವಾರ ಜಾಮೀನಿನ ಮೇಲಿದ್ದ ವಿಶಾಲ ಸಹಿ ಹಾಕಲು ಠಾಣೆಗೆ ಬಂದ. ಗದಿಗೆವ್ವ ಅವನನ್ನು ಬೇವಿನ ಮರದ ಹಿಂದೆ ಕರೆದಳು. "ತಮ್ಮಾ, ಇನ್ನೊಂದು ಸಲ ಕದೀತೀಯೇನು? ಈ ಸಲ ನಮ್ಮ ಮನಿ ಕಡೆ ಹೊಡಕೊಂಡ ಬಾ."

ವಿಶಾಲನಿಗೆ ಬೇಜಾರಾಯಿತು. "ಏನ್ ಮಾತಾಡ್ತೀಬೇ ಯವ್ವಾ? ಸರ್ಕಾರಿ ಎಮ್ಮಿ ಕದೀ ಅಂತೀಯಲ್ಲ. ನನಗೂ ಒಂದ್ ನೀತಿ ಅಂತ ಐತಿ."

ಸರ್ಕಾರಿ ಎಮ್ಮೆ ಎಂಬ ಮಾತು ಗದಿಗೆವ್ವನ ಕಿವಿಯಲ್ಲಿ ಉಳಿಯಿತು. ಮರುದಿನ ಹಾಲಿಗಾಗಿ ಕೇಳಿದವರಿಗೆ ಆಕೆ ತಲೆ ಎತ್ತಿ ಹೇಳಿದಳು: "ನಮ್ಮ ಎಮ್ಮಿ ಈಗ ಪೊಲೀಸ್ ನೌಕರ್ಯಾಗ ಐತ್ರಿ."

ಓಣಿಯಲ್ಲಿ ಆಕೆಯ ಮರ್ಯಾದೆ ಬೆಳೆಯಿತು. ಮುಂದಿನ ವಾರ ನೆರೆಮನೆಯ ಸಾವಂತ್ರೆವ್ವ ತನ್ನ ಎಮ್ಮೆಗೆ ಮೈ ತೊಳೆಸಿ, ಕೊಂಬಿಗೆ ಎಣ್ಣೆ ಹಚ್ಚಿ, ಠಾಣೆಗೆ ಹೊಡೆದುಕೊಂಡು ಬಂದಳು. "ದಫೇದಾರ್ರ, ಇದಕ್ಕೂ ಒಂದು ಜಾಗಾ ನೋಡ್ರಿ. ಅದರಕಿಂತ ಹಾಲು ಹೆಚ್ಚೈತಿ."

"ಹಂಗ ನೇರವಾಗಿ ತಗೊಳ್ಳಾಕ ಬರಂಗಿಲ್ಲವ್ವಾ, ಲಂಚ ಆಕ್ಕೈತಿ," ಎಂದರು ಹೇಮಪ್ಪ. "ಮೊದಲು ಯಾರರೆ ಕದೀಬೇಕು."

ಸಹಿ ಹಾಕಲು ಬಂದು, ತನ್ನ ಪಾಲಿನ ಚಹಾ ವಿಲೇವಾರಿ ಮಾಡುತ್ತಿದ್ದ ವಿಶಾಲನ ಕಡೆ ಎಲ್ಲರೂ ತಿರುಗಿ ನೋಡಿದರು. ಅವನು ಕಪ್ಪು ಕೆಳಗಿಟ್ಟು ಎದ್ದು ನಿಂತ.

"ಯವ್ವಾ," ಎಂದ, "ನಿಮ್ಮ ಮನಿ ಎಲ್ಲಿ ಬರ್ತೈತಿ?"

ನಾನು ಅಂಗಡಿಗೆ ಹೋಗಿ ಹೊಸ ಪೆನ್ನು ತಂದೆ.